ಕಾಲು ಗಂಟೆ

ತಪ್ಪು ನನ್ನದೇ. ಆಹ್ವಾನದಲ್ಲಿ ಒಂಬತ್ತಕ್ಕೆ ಎಂದು ಬರೆದೆ,
ಉಪ್ಸಾಲದಲ್ಲಿ ಒಂಬತ್ತೆಂದರೆ ಒಂಬತ್ತೂಕಾಲು
ಎಂದು ಬರೆಯಲು ಮರೆತೆ.

ಮೂವತ್ತೊಂದು ದೇಶದವರು ಎಂಟು ಐವತ್ತಕ್ಕೇ ಬಂದು
ಕೊರಳಿಗೆ ಹೆಸರು ತೂಗಿಕೊಂಡು ಕೂತಿದ್ದಾರೆ.
ವೇದಿಕೆ ಖಾಲಿ.
ನಮ್ಮ ಕುಲಪತಿಗಳು ಹೊಳೆಯಾಚೆಯ ಬೇಕರಿಯಲ್ಲಿ
ಏಲಕ್ಕಿ ಬನ್ನಿಗೆ ಸಾಲು ನಿಂತಿದ್ದಾರೆ, ನಿರಾಳ.

ಮೈಕಿನ ಮುಂದೆ ನಾನೇ ನಿಂತೆ:
ಹಿಂದೆ ಇಲ್ಲಿ ಹುಡುಗರ ಬಳಿ ಗಡಿಯಾರ ಇರಲಿಲ್ಲ;
ಕೆಥೆಡ್ರಲ್ಲಿನ ಗಂಟೆ ಹೊಡೆದ ಮೇಲೆ
ಹಾಸಿಗೆಯಿಂದೆದ್ದು, ಬೂಟು ಹುಡುಕಿ, ಸೇತುವೆ ದಾಟಿ
ಪಾಠಕ್ಕೆ ಬರಲು ಕಾಲು ಗಂಟೆಯ ಮಾಫಿ.
ಆಮೇಲೆ ಗಡಿಯಾರ ಬಂತು, ಫೋನು ಬಂತು,
ಮಾಫಿ ಹಾಗೇ ಉಳಿಯಿತು.

ನಕ್ಕರು, ಅರ್ಧ ಜನ. ಉಳಿದರ್ಧ ಬರೆದುಕೊಂಡರು.
ಕುತೈಸಿಯಿಂದ ಬಂದ ನಾತೆಲಾ ಮಾತ್ರ ಕೇಳಿದರು:
ಸಾಯುವುದಕ್ಕೂ ಉಂಟೋ, ಈ ಕಾಲು ಗಂಟೆ?

ಒಂದೂವರೆ ವರ್ಷದ ದುಡಿಮೆ. ಯಾರಿಗೆ ಮೀನು ಆಗದು,
ಯಾರಿಗೆ ಗೋಧಿ ಆಗದು, ಯಾರ ಹೆಸರಿನ ತಲೆಯ ಮೇಲೆ
ಎಷ್ಟು ಚುಕ್ಕೆ, ಎಲ್ಲ ನಾಲಗೆ ತುದಿಯಲ್ಲಿತ್ತು.
ಊರು ತೋರಿಸಿದೆ: ಗುಡ್ಡದ ಕೋಟೆ, ಜೋಡಿ ಶಿಖರ,
ಹೆಣ ಕೊಯ್ದು ಪಾಠ ಹೇಳುತ್ತಿದ್ದ, ಗುಮ್ಮಟದ ಕೆಳಗಿನ ಕೋಣೆ.
ಎಲ್ಲರೂ ಕಟಕಟೆ ಹಿಡಿದು ಬಗ್ಗಿ ನೋಡಿದರು.
ಮೇಜು ಖಾಲಿ.

ಹೋಟೆಲಿನವರು ಕೊನೆಯ ಗಳಿಗೆಯಲ್ಲಿ ಕೈಕೊಟ್ಟಿದ್ದರು.
ನಲವತ್ತು ಜನರನ್ನು ಫ್ಲೋಗ್ಸ್ತಾದ
ವಿದ್ಯಾರ್ಥಿ ಗೋಪುರಗಳಲ್ಲಿ ತುರುಕಿದ್ದೆ.
ಹನ್ನೆರಡು ಕೋಣೆಗೊಂದು ಅಡುಗೆಮನೆ,
ಫ್ರಿಜ್ಜಿನ ಮೇಲೆ ಚೀಟಿ: ನನ್ನ ಹಾಲು ಮುಟ್ಟಬೇಡಿ.
ಡೀನುಗಳು, ಕುಲಸಚಿವರು, ಇಬ್ಬರು ಮಾಜಿ ಮಂತ್ರಿಗಳು
ಚೀಟಿ ಓದಿ ಕಪ್ಪು ಚಹಾ ಕುಡಿದರು.
ಮೇ ತಿಂಗಳ ಕೊನೆ. ರಾತ್ರಿಯೆಂಬುದು
ಒಳಗೆ ಬರಲೋ ಬೇಡವೋ ಎಂದು ಹೊಸಿಲಲ್ಲೇ ಅನುಮಾನಿಸುವ ಕಾಲ.

ಸೋಮವಾರದ ಗೋಷ್ಠಿ: ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ.
ಎಪ್ಪತ್ತೆರಡು ಸ್ಲೈಡು. ಹೋಳು ಹೋಳಾದ ವೃತ್ತಗಳು, ಕೇಕಿನ ಹಾಗೆ.
ಹಳದಿ ಹೋಳೆಂದರೆ ಆಗಾಗ್ಗೆ ಒಂಟಿತನ.
ಪ್ರಶ್ನೆಗೆ ಹೊತ್ತಿಲ್ಲ, ಊಟ ಆರುತ್ತಿತ್ತು.

ರಾತ್ರಿ ಹತ್ತಕ್ಕೆ ಫೋನು. ಮತ್ತೆ ಫೋನು. ನಾಲ್ಕು.
ಹಿಲ್ಲೆವಿ, ಯಾರನ್ನೋ ಕೊಲ್ಲುತ್ತಿದ್ದಾರೆ.
ಹಿಲ್ಲೆವಿ, ಒಬ್ಬರನ್ನಲ್ಲ, ಇಡೀ ಕಟ್ಟಡವನ್ನೇ.
ಪೊಲೀಸರ ನಂಬರು ಎಷ್ಟು ಇಲ್ಲಿ?

ಅಯ್ಯೋ, ಇದನ್ನೂ ಬರೆಯಲು ಮರೆತಿದ್ದೆ.
ಯಾರೂ ಸಾಯುತ್ತಿಲ್ಲ, ಎಂದೆ. ದಿನಾ ಹತ್ತಕ್ಕೆ
ಹುಡುಗರು ಕಿಟಕಿ ತೆರೆದು ಕಿರುಚುತ್ತಾರೆ, ಅಷ್ಟೆ.
ಯಾಕೆ? ಗೊತ್ತಿಲ್ಲ.
ಯಾವಾಗಿನಿಂದ? ನನಗಿಂತ ಹಿಂದಿನಿಂದ.
ಇದಕ್ಕೂ ಕಾಲು ಗಂಟೆ ಮಾಫಿ ಇದೆಯೇ?
ಇಲ್ಲ. ಇದೊಂದು ಮಾತ್ರ ಸರಿಯಾಗಿ ಹತ್ತಕ್ಕೆ.

ಮಂಗಳವಾರ ನಾನೂ ಹೋದೆ, ಏಳನೆಯ ಮಹಡಿಗೆ.
ಒಂದು ಕಾಲದಲ್ಲಿ ಇದೇ ಗೋಪುರದಲ್ಲಿ ಮೂರು ವರ್ಷ ಇದ್ದವಳು;
ಹತ್ತಕ್ಕೆ ಐದು ನಿಮಿಷವಿರುವಾಗ ಪರದೆ ಎಳೆದು
ಲ್ಯಾಟಿನ್ ಕ್ರಿಯಾಪದ ಬಾಯಿಪಾಠ ಮಾಡಿದವಳು.
ಕಿರುಚಲು ಕಾರಣವಿದ್ದವರು ಕಿರುಚಲಿ ಎಂದುಕೊಂಡಿದ್ದೆ.
ನನ್ನ ಕಾರಣ ಅಷ್ಟು ದೊಡ್ಡದಲ್ಲ ಎಂದುಕೊಂಡಿದ್ದೆ.

ಹತ್ತಾಗುವ ಮುನ್ನ ಒಂದು ಮೌನ ಬರುತ್ತದೆ,
ಎಲ್ಲ ಕಿಟಕಿಗಳೂ ಉಸಿರು ಎಳೆದುಕೊಂಡ ಹಾಗೆ.
ಎದುರು ಗೋಪುರದಿಂದ ಯಾರೋ ಶುರು ಮಾಡಿದ.
ಗುಣಮಟ್ಟದ ಸೂಚ್ಯಂಕಗಳ ಬಗ್ಗೆ ಬೆಳಿಗ್ಗೆಯಷ್ಟೇ
ತಗ್ಗಿದ ದನಿಯಲ್ಲಿ ಹದಿಮೂರು ನಿಮಿಷ ಮಾತಾಡಿದ್ದ ನಾತೆಲಾ
ಕನ್ನಡಕ ತೆಗೆದು ಒಲೆಯ ಪಕ್ಕ ಇಟ್ಟರು,
ಸೊಂಟದವರೆಗೆ ಕಿಟಕಿಯಾಚೆ ಬಗ್ಗಿ
ಕೂಗಿದರು.
ಅದು ಪದವಲ್ಲ. ಜಾರ್ಜಿಯನ್ನೂ ಅಲ್ಲ.
ಕೆಳಗಿನ ಮರದಿಂದ ಕಾಗೆಯ ತಂಗಿಯಂಥ ಹಕ್ಕಿಗಳು,
ಬೂದುಗತ್ತಿನವು, ಒಮ್ಮೆಲೇ ಎದ್ದವು.
ಆಮೇಲೆ ಅಕ್ರಾದ ಕುಲಸಚಿವರು. ಆಮೇಲೆ ಒಬ್ಬ ಮಾಜಿ ಮಂತ್ರಿ,
ಮೊದಲು ಕೆಮ್ಮಿ.
ನಾನು? ಬಾಯಿ ತೆರೆದೆ. ಬಂದದ್ದು ಸಣ್ಣದು,
ಬಾಗಿಲ ತಿರುಗಣಿಯ ಸದ್ದಿನಷ್ಟು.
ಎರಡನೆಯದು ಪರವಾಗಿಲ್ಲ.

ಕಿಟಕಿ ಮುಚ್ಚಿ, ಯಾರದೋ ಹಾಲಿನಲ್ಲಿ ಚಹಾ ಮಾಡಿದೆವು.
ಚೀಟಿಯ ಕೆಳಗೆ ಇಪ್ಪತ್ತು ಕ್ರೋನ ಇಟ್ಟದ್ದು ಯಾರೋ, ನೋಡಲಿಲ್ಲ.

ಬುಧವಾರ ಸಮಾರೋಪ. ಪಟ್ಟಿಯಲ್ಲಿ ಒಂಬತ್ತು.
ಒಂಬತ್ತಕ್ಕೆ ಯಾರೂ ಇಲ್ಲ. ಎಲ್ಲರೂ ಕಲಿತುಬಿಟ್ಟಿದ್ದಾರೆ.
ನಾನೊಬ್ಬಳು, ಮುನ್ನೂರು ಕುರ್ಚಿ,
ಮೇಲಿನ ಗಾಜಿನಿಂದ ಇಳಿದು ಮೊದಲ ಸಾಲಲ್ಲಿ ಕೂತ ಬಿಸಿಲು.
ಮೈಕು ಪರೀಕ್ಷಿಸಿದೆ: ಒಂದು, ಎರಡು.
ಗಂಟಲು ಒಡೆದಿತ್ತು.
ಇನ್ನೂ ಹದಿನಾಲ್ಕು ನಿಮಿಷ ಇತ್ತು. ಕೂತೆ.